ಕಬ್ಬಿನ ಹೊಸ ತಳಿ: ಸೂಲಂಗಿಯಿಂದ ಕೂಳೆಯವರೆಗೆ

ಮಂಡ್ಯದ ನಾಲೆ ಬಯಲಿನಲ್ಲಿರಲಿ, ಗೋಕಾಕದ ಘಟಪ್ರಭಾ ದಂಡೆಯಲ್ಲಿರಲಿ, ಇಂದು ಗದ್ದೆಯಲ್ಲಿ ನಿಂತಿರುವ ಕೋ 86032 ತಳಿಯ ಕಬ್ಬೆಲ್ಲ ಲೆಕ್ಕಕ್ಕೆ ಒಂದೇ ಗಿಡ. ಕೊಯಮತ್ತೂರಿನಲ್ಲಿ ಬೀಜದಿಂದ ಮೊಳೆತ ಒಂದೇ ಒಂದು ಸಸಿಯ ಕಣ್ಣುಗಳನ್ನು (ಗಿಣ್ಣಿನ ಮೊಗ್ಗುಗಳನ್ನು) ಕತ್ತರಿಸಿ ನೆಟ್ಟು, ಅದು ಬೆಳೆದ ಮೇಲೆ ಮತ್ತೆ ಕತ್ತರಿಸಿ ನೆಟ್ಟು ಇಷ್ಟು ದೂರ ಬಂದಿದೆ. ತುಂಡು ನೆಟ್ಟು ಬೆಳೆಯುವ ಬೆಳೆಯ ಗುಣವೇ ಇದು. ತಾಯಿಯಲ್ಲಿ ಇದ್ದದ್ದು ಮರಿಯಲ್ಲಿ ಇದ್ದೇ ಇರುತ್ತದೆ: ಸಕ್ಕರೆಯೂ ಹೌದು, ರೋಗಕ್ಕೆ ಸೋಲುವ ಚಾಳಿಯೂ ಹೌದು.

ಹಾಗಾಗಿ ಹೊಸ ತಳಿಯ ಕೆಲಸದಲ್ಲಿ ಎರಡು ಭಾಗ. ಆ ಒಂದು ಒಳ್ಳೆಯ ಸಸಿಯನ್ನು ಹುಟ್ಟಿಸಿ ಹುಡುಕುವುದು ಮೊದಲನೆಯದು. ಅದಕ್ಕೆ 10ರಿಂದ 14 ವರ್ಷ ಹಿಡಿಯುತ್ತದೆ, ಸಂಶೋಧನಾ ಕೇಂದ್ರಗಳ ಕೆಲಸ. ಸಿಕ್ಕ ಸಸಿಯನ್ನು ಕೆಡಿಸದೆ ನಕಲು ಮಾಡುತ್ತಾ ಹೋಗುವುದು ಎರಡನೆಯದು. ಅದು ರೈತರ ಕೈಯಲ್ಲಿದೆ, ಮತ್ತು ಹೊಸ ತಳಿಗಳ ಹೆಸರು ಹೆಚ್ಚಾಗಿ ಕೆಡುವುದು ಈ ಹಂತದಲ್ಲೇ. ಮೊದಲ ಭಾಗ ತಿಳಿದಿದ್ದರೆ ಎರಡನೆಯದರಲ್ಲಿ ತಪ್ಪು ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಇಲ್ಲಿ ಎರಡೂ ಇವೆ.

ಹೆಸರಿನಲ್ಲೇ ಜಾತಕ

ಕೋ ಎಂದರೆ ಕೊಯಮತ್ತೂರು. ಮುಂದಿನ ಅಂಕಿಯ ಮೊದಲೆರಡು ಸ್ಥಾನ ವರ್ಷ, ಉಳಿದದ್ದು ಕ್ರಮಸಂಖ್ಯೆ. ಕೋ 86032 ಎಂದರೆ 1986ರ ಸಾಲಿನಲ್ಲಿ ಸಂಖ್ಯೆ ಪಡೆದ 32ನೆಯ ಗಿಡ. ಕೋ 0238 ಎಂದರೆ 2002ರ 38ನೆಯದು. ಕೋ 419ರಂಥ ಹಳೆಯ ಹೆಸರುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವಕ್ಕೆ ಬರೀ ಕ್ರಮಸಂಖ್ಯೆ. ಕೋ ನಂತರ ಇನ್ನೊಂದು ಅಕ್ಷರವಿದ್ದರೆ ಆಯ್ಕೆ ನಡೆದ ಕೇಂದ್ರ ಬೇರೆ ಎಂದರ್ಥ: ಕೋಸಿ ಕಡಲೂರಿನದು, ಕೋಎಂ ಮಹಾರಾಷ್ಟ್ರದ್ದು, ಕೋವಿಸಿ ಮಂಡ್ಯದ ವಿ.ಸಿ. ಫಾರಂನದು, ಕೋಎಸ್‌ಎನ್‌ಕೆ ಸಂಕೇಶ್ವರದ್ದು. ವಿಸಿಎಫ್ 0517, ಎಸ್‌ಎನ್‌ಕೆ 07680 ಎಂಬ ಹೆಸರುಗಳಲ್ಲಿ ಕೋ ಇಲ್ಲ, ಆದರೆ ಅವೂ ಇದೇ ಎರಡು ಕೇಂದ್ರಗಳವು.

ಸಂಖ್ಯೆಯೇ ಇಲ್ಲದ, ಬರೀ ಅಡ್ಡಹೆಸರಿನ "ಹೊಸ ತಳಿ" ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಇದರ ನಂಬರ್ ಎಷ್ಟು? ಉತ್ತರ ಬರದಿದ್ದರೆ ಬಹುಪಾಲು ಅದು ಬೇರೆ ಊರಿನ ಹಳೆಯ ತಳಿಯೇ.

ತಂದೆ ತಾಯಿ ಆರಿಸುವುದು

ಹಳೇ ಮೈಸೂರಿನ ರಸದಾಳಿಯಂಥ ಕಬ್ಬು ದಪ್ಪ, ಮೆದು, ಜಗಿಯಲು ಸಿಹಿ. ಆದರೆ ನೀರು ತಪ್ಪಿದರೆ, ರೋಗ ಬಿದ್ದರೆ ತಡೆಯದು. ಹೊಳೆದಂಡೆಯಲ್ಲಿ ಹುಲ್ಲಿನಂತೆ ಬೆಳೆಯುವ ಕಾಡುಕಬ್ಬು ಕಡ್ಡಿಯಷ್ಟು ಸಣ್ಣ, ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗಟ್ಟಿ ಬೇರು, ಎಷ್ಟು ಕಡಿದರೂ ಚಿಗುರುವ ಹಟ. ಇವೆರಡನ್ನು ಬೆಸೆಯಬೇಕೆಂದು 1912ರಲ್ಲಿ ಕೊಯಮತ್ತೂರಿನ ಕೇಂದ್ರ ಶುರುವಾಯಿತು. ಅಲ್ಲಿನ ತಳಿ ವಿಜ್ಞಾನಿಗಳಾದ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರ ಕಾಲದಲ್ಲಿ ವೆಲ್ಲೈ ಎಂಬ ದಪ್ಪ ಕಬ್ಬಿಗೆ ಅಲ್ಲಿನ ಕಾಡುಕಬ್ಬಿನ ಪರಾಗ ಕೊಟ್ಟು ಬಂದ ಕೋ 205 ತಳಿ 1918ರಲ್ಲಿ ಬಿಡುಗಡೆಯಾಯಿತು. ಇಂದು ನಾವು ಬೆಳೆಯುವ ಕಬ್ಬುಗಳಲ್ಲೆಲ್ಲ ಇಂಥ ಕಾಡುರಕ್ತದ ಪಾಲಿದೆ. ಕೂಳೆ, ಎಂದರೆ ಕಡಿದ ಬುಡದಿಂದ ಮತ್ತೆ ಏಳುವ ಬೆಳೆ, ಚಿಗುರುವುದಕ್ಕೆ ಮುಖ್ಯ ಕಾರಣ ಅದೇ.

ಈಗ ಸಾಮಾನ್ಯವಾಗಿ ಮಾಡುವುದು ಒಳ್ಳೆಯ ತಳಿಗೆ ಒಳ್ಳೆಯ ತಳಿ. ಒಂದರ ಕೊರತೆ ಇನ್ನೊಂದರಲ್ಲಿ ತುಂಬಬೇಕು. ಕೋ 86032ರ ತಾಯಿ ಕೋ 62198, ತಂದೆ ಕೋಸಿ 671. ಕೋಸಿ 671 ಬೇಗ ಹಣ್ಣಾಗುವ, ಸಕ್ಕರೆ ತುಂಬಿದ ಕಬ್ಬು, ಆದರೆ ಕೆಂಪು ಕೊಳೆ ಎಂಬ ಶಿಲೀಂಧ್ರ ರೋಗಕ್ಕೆ ಸುಲಭವಾಗಿ ಬಲಿ. ಇಂಥದ್ದನ್ನು ತಂದೆಯಾಗಿ ಇಟ್ಟರೆ ಮಕ್ಕಳಲ್ಲಿ ಸಕ್ಕರೆ ಬಂದು ರೋಗಬಾಧೆ ಬಾರದ ಗಿಡವನ್ನು ಹುಡುಕಬೇಕಾಗುತ್ತದೆ. ಕಬ್ಬಿನ ತಳಿಗಳಲ್ಲಿ ಕ್ರೋಮೋಸೋಮುಗಳು ನೂರಕ್ಕೂ ಹೆಚ್ಚು, ಪ್ರತಿ ಬೀಜದಲ್ಲೂ ಬೇರೆ ಬೇರೆ ಹಂಚಿಕೆ. ಒಂದೇ ಸೂಲಂಗಿಯ (ಕಬ್ಬಿನ ಹೂಗೊಂಚಲಿನ) ಸಾವಿರ ಬೀಜಗಳಿಂದ ಸಾವಿರ ಬಗೆಯ ಕಬ್ಬು ಬರುತ್ತದೆ. ಅವುಗಳಲ್ಲಿ ಹೆಚ್ಚಿನವು ತಂದೆ ತಾಯಿಗಿಂತ ಕಳಪೆಯೇ.

ಸೂಲಂಗಿ ಬರಿಸುವುದು, ಪರಾಗ ನೋಡುವುದು

ಕಬ್ಬು ಹೂವಾಗಲು ಹಗಲು ನಿಧಾನವಾಗಿ ಕುಗ್ಗುತ್ತಾ ಸುಮಾರು ಹನ್ನೆರಡೂವರೆ ಗಂಟೆಗೆ ಬರಬೇಕು, ರಾತ್ರಿ ತೀರಾ ತಂಪಾಗಬಾರದು, ಮಣ್ಣಿನಲ್ಲಿ ಹಸಿ ಇರಬೇಕು, ಗಿಡದಲ್ಲಿ ಮೂರ್ನಾಲ್ಕು ಗಣಿಕೆಯಾದರೂ (ಎರಡು ಗಿಣ್ಣಿನ ನಡುವಿನ ಭಾಗ) ಬಲಿತಿರಬೇಕು. ಕೊಯಮತ್ತೂರಿನಲ್ಲಿ ಇವೆಲ್ಲ ಕೂಡಿಬರುತ್ತವೆ. ಉತ್ತರ ಭಾರತದಲ್ಲಿ ಸೂಲಂಗಿ ಬಂದರೂ ಚಳಿಗೆ ಪರಾಗ ಸತ್ತಿರುತ್ತದೆ, ಬೀಜ ಕಟ್ಟುವುದಿಲ್ಲ. ಆದ್ದರಿಂದಲೇ ದೇಶದ ತಳಿ ವಿಜ್ಞಾನಿಗಳು ಅಕ್ಟೋಬರ್–ನವೆಂಬರ್‌ನಲ್ಲಿ ಕೊಯಮತ್ತೂರಿನ ರಾಷ್ಟ್ರೀಯ ಸಂಕರಣ ತೋಟಕ್ಕೆ ಬಂದು, ತಮಗೆ ಬೇಕಾದ ಜೋಡಿಗಳನ್ನು ಅಲ್ಲೇ ಕೂಡಿಸಿ, ಬೀಜ ಒಯ್ಯುತ್ತಾರೆ.

ಎರಡು ತಳಿ ಒಂದೇ ವಾರದಲ್ಲಿ ಹೂವಾಗದಿರುವುದು ಮಾಮೂಲಿ ತೊಂದರೆ. ಬೇರೆ ಬೇರೆ ದಿನಾಂಕಕ್ಕೆ ನೆಡುವುದು ಒಂದು ದಾರಿ. ಬೇಗ ಬರುವ ತಳಿಗೆ ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಾಕಿ ಸೂಲಂಗಿಯನ್ನು ಹಿಂದೂಡುವುದು ಇನ್ನೊಂದು.

ಕಬ್ಬಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ. ಒಂದು ಹೂವು ಕೆಲವೇ ಮಿಲಿಮೀಟರ್ ಉದ್ದ, ಒಂದು ಸೂಲಂಗಿಯಲ್ಲಿ ಸಾವಿರಾರು ಹೂವು. ಕೈಯಿಂದ ಪರಾಗಕೋಶ ಕೀಳುವುದು ಆಗದ ಮಾತು. ಬದಲಿಗೆ ತಾನಾಗಿಯೇ ಪರಾಗ ಕೆಟ್ಟಿರುವ ತಳಿಯನ್ನು ಹೆಣ್ಣಾಗಿ ಬಳಸುತ್ತಾರೆ. ಅದನ್ನು ಪತ್ತೆ ಹಚ್ಚುವುದು ಹೀಗೆ: ಬೆಳಗಿನ ಜಾವ, ಹೊತ್ತು ಮೂಡುವ ಮುಂಚೆ, ಸೂಲಂಗಿಯ ತುದಿಯಲ್ಲಿ ಅಂದೇ ಅರಳಿದ ಕೆಲವು ಹೂವು ಬಿಡಿಸಿ. ಗಾಜಿನ ಪಟ್ಟಿಯ ಮೇಲೆ ಪರಾಗಕೋಶ ಜಜ್ಜಿ, ಶೇ. 1ರ ಅಯೋಡಿನ್–ಪೊಟ್ಯಾಸಿಯಂ ಅಯೋಡೈಡ್ ದ್ರಾವಣದ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಇನ್ನೂರು ಕಣ ಎಣಿಸಿ. ಪಿಷ್ಟ ತುಂಬಿದ ಒಳ್ಳೆಯ ಪರಾಗ ಕಡುನೀಲಿ–ಕಪ್ಪಾಗುತ್ತದೆ, ಜೊಳ್ಳು ಹಾಗೇ ಗಾಜಿನಂತೆ ಉಳಿಯುತ್ತದೆ. ನೂರಕ್ಕೆ ಹತ್ತಿಪ್ಪತ್ತಕ್ಕಿಂತ ಕಡಿಮೆ ಕಪ್ಪಾದರೆ ಹೆಣ್ಣು, ಅರ್ಧಕ್ಕಿಂತ ಹೆಚ್ಚಾದರೆ ಗಂಡು. ಬರಿಗಣ್ಣಿಗೂ ಸುಳಿವು ಸಿಗುತ್ತದೆ: ಗಂಡಿನ ಪರಾಗಕೋಶ ತುಂಬಿಕೊಂಡು, ತಟ್ಟಿದರೆ ಪುಡಿ ಉದುರುತ್ತದೆ, ಹೆಣ್ಣಿನದು ಸುಕ್ಕಿಕೊಂಡು ಒಡೆಯದೆ ಉಳಿಯುತ್ತದೆ.

ಕೂಡಿಸುವುದು

ಸೂಲಂಗಿ ಮೇಲಿನಿಂದ ಕೆಳಕ್ಕೆ, ಕವಲಿನ ತುದಿಯಿಂದ ಒಳಕ್ಕೆ ಅರಳುತ್ತಾ ಬರುತ್ತದೆ. ಪೂರ್ತಿ ಅರಳಲು ವಾರ ಹತ್ತು ದಿನ ಬೇಕು. ಹೆಣ್ಣು ಸೂಲಂಗಿಯಲ್ಲಿ ಈಗಾಗಲೇ ಅರಳಿದ ತುದಿಯನ್ನು ಕತ್ತರಿಸಿ ಹಾಕಿ, ಬಿದಿರಿನ ಗಳುವಿಗೆ ಕಟ್ಟಿದ ಬಟ್ಟೆಯ ಗೂಡು ಇಳಿಬಿಡಿ. ನೋಡಲು ಆಕಾಶಬುಟ್ಟಿಯಂತೆ ಇರುತ್ತದೆ. ಗಂಡಿನ ಗಳೆಯನ್ನು (ಜಲ್ಲೆಯನ್ನು) ಕಡಿದು ತಂದು, ಅದರ ಹೂವು ಹೆಣ್ಣಿನದಕ್ಕಿಂತ ಗೇಣುದ್ದ ಮೇಲಿರುವಂತೆ ಅದೇ ಗೂಡಿನಲ್ಲಿ ನಿಲ್ಲಿಸಬೇಕು. ಬರೀ ನೀರಿನಲ್ಲಿ ನಿಲ್ಲಿಸಿದ ಗಳೆ ಎರಡು ಮೂರು ದಿನಕ್ಕೆ ಬಾಡುತ್ತದೆ, ಆಗ ಹೊಸದು ತರಬೇಕು. ಇದನ್ನು ತಪ್ಪಿಸಲು ಮುಂಚೆಯೇ ಗಂಡು ಗಿಡದ ಗಿಣ್ಣಿಗೆ ಹಸಿ ಮಣ್ಣು ಕಟ್ಟಿ, ಪಾಲಿಥೀನ್ ಸುತ್ತಿ ಬೇರು ಬರಿಸಿಕೊಂಡರೆ ಕಡಿದ ಮೇಲೂ ವಾರಗಟ್ಟಲೆ ಬದುಕುತ್ತದೆ.

ಪರಾಗ ಚಿಮ್ಮುವುದು ಬೆಳಿಗ್ಗೆ ಐದರಿಂದ ಎಂಟರವರೆಗೆ. ಆ ಹೊತ್ತಿನಲ್ಲಿ ದಿನಾ ಗೂಡನ್ನು ಮೆಲ್ಲಗೆ ತಟ್ಟಬೇಕು. ಬಿಸಿಲೇರಿದ ಮೇಲೆ ತಟ್ಟಿದರೆ ಪ್ರಯೋಜನವಿಲ್ಲ, ಪರಾಗದ ಜೀವ ಗಂಟೆ ಲೆಕ್ಕದ್ದು. ಹತ್ತು ದಿನದ ನಂತರ ಗಂಡನ್ನು ತೆಗೆದು, ಹೆಣ್ಣು ಸೂಲಂಗಿಗೆ ತೆಳು ಬಲೆ ಚೀಲ ತೊಡಿಸಿ. ಕೂಡಿಸಿ 25–30 ದಿನಕ್ಕೆ ತುದಿಯ ಹೂವು ಬಿರಿದು ರೋಮ ಹಾರಲು ಶುರುವಾಗುತ್ತದೆ. ಚೀಲ ಮರೆತರೆ ಅರ್ಧ ಬೀಜ ಗಾಳಿಪಾಲು.

ಗಂಡನ್ನು ಗುರುತಿಸದೆ, ಬಯಲಲ್ಲಿ ತಾನಾಗಿ ಕೂಡಿದ ಸೂಲಂಗಿಯಿಂದ ಬೀಜ ತೆಗೆಯುವ ಪದ್ಧತಿಯೂ ಇದೆ. ಅದನ್ನು ಕೀಳಾಗಿ ಕಾಣಬೇಕಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಚೌಳು ನೆಲದಲ್ಲೂ ಬರುತ್ತದೆಂದು ಹಬ್ಬಿದ ಕೋಎಂ 0265, ಕೋ 87044ರಿಂದ ಹಾಗೆಯೇ ಬಂದ ತಳಿ. ಬೀಜವೇ ಇಲ್ಲದೆ ಬಂದವೂ ಇವೆ: ಕೋ 94012 ಎಂಬುದು ಕೋಸಿ 671ರ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸುವಾಗ ಆದ ಮಾರ್ಪಾಡಿನಿಂದ ಆರಿಸಿದ್ದು.

ಬೀಜ ಬಿತ್ತುವುದು

ಕಬ್ಬಿನ ಬೀಜವನ್ನು ಕೇಂದ್ರಗಳಲ್ಲಿ ಫ್ಲಫ್ ಎನ್ನುತ್ತಾರೆ. ಅರಳೆಯಂಥ ಬಿಳಿ ರೋಮದ ನಡುವೆ ಒಂದು ಮಿಲಿಮೀಟರ್ ಉದ್ದದ ಕಂದು ಕಾಳು. ರೋಮ ಬಿಡಿಸಲು ಹೋಗಬೇಡಿ, ಹಾಗೇ ಬಿತ್ತುವುದು. ಎರಡು ಮೂರು ದಿನ ಒಣಗಿಸಿ, ತೇವ ಹೀರುವ ಸಿಲಿಕಾ ಹರಳಿನ ಜೊತೆ ಗಟ್ಟಿಯಾಗಿ ಮುಚ್ಚಿ ಡೀಪ್ ಫ್ರೀಜರ್‌ನಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಹೊರಗಿಟ್ಟರೆ ಕೆಲವೇ ವಾರಗಳಲ್ಲಿ ಮೊಳಕೆ ಶಕ್ತಿ ಹೋಗುತ್ತದೆ.

ಜರಡಿ ಹಿಡಿದ ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು ಬೆರೆಸಿ, ಹಬೆಯಲ್ಲಿ ಬೇಯಿಸಿ ಆರಿಸಿ, ನಾಲ್ಕು ಬೆರಳು ಆಳದ ತಟ್ಟೆಗೆ ತುಂಬಿ. ಬೇಯಿಸುವುದನ್ನು ಬಿಡುವಂತಿಲ್ಲ. ಮೊಳೆತ ಕಬ್ಬು ಮೊದಲ ಮೂರು ವಾರ ಥೇಟ್ ಹುಲ್ಲು. ಮಣ್ಣಿನಲ್ಲಿದ್ದ ಕಳೆ ಬೀಜವೂ ಹುಟ್ಟಿದರೆ ಯಾವುದು ಕಬ್ಬು, ಯಾವುದು ಗರಿಕೆ ಎಂದು ಹೇಳಲು ಯಾರಿಗೂ ಆಗದು. ಫ್ಲಫನ್ನು ತೆಳ್ಳಗೆ ಹರಡಿ, ಅಂಗೈಯಿಂದ ಒತ್ತಿ, ಮಂಜಿನಂತೆ ನೀರು ಸಿಂಪಡಿಸಿ. ಮೇಲೆ ಕೂದಲೆಳೆಯಷ್ಟು ಗೊಬ್ಬರದ ಪುಡಿ ಉದುರಿಸಿದರೆ ಸಾಕು. ಪಾಲಿಥೀನ್ ಮುಚ್ಚಿ 30 ಡಿಗ್ರಿ ಆಸುಪಾಸಿನ ಬಿಸುಪಿನಲ್ಲಿಟ್ಟರೆ ಮೂರರಿಂದ ಏಳು ದಿನದಲ್ಲಿ ಹಸಿರು ಕಾಣುತ್ತದೆ. ಕಂಡ ಕೂಡಲೇ ಮುಚ್ಚಿಗೆ ತೆಗೆಯಿರಿ. ತಡ ಮಾಡಿದರೆ ರೋಮದ ಮೇಲೆ ಬೂಷ್ಟು ಹಬ್ಬಿ ಸಸಿ ಬುಡದಲ್ಲೇ ಕರಗುತ್ತದೆ. ಹಾಗಾದರೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಹನಿಸಬೇಕು.

ಐದಾರು ವಾರಕ್ಕೆ ಒಂದೊಂದು ಸಸಿಯನ್ನೂ ಸಣ್ಣ ಚೀಲಕ್ಕೆ, ಎರಡೂವರೆ–ಮೂರು ತಿಂಗಳಿಗೆ ಹೊಲಕ್ಕೆ ಬದಲಿಸುತ್ತಾರೆ. ಸಾಲಿಗೆ ಸಾಲು ಮೂರಡಿ, ಗಿಡಕ್ಕೆ ಗಿಡ ಎರಡಡಿ ಬಿಟ್ಟರೆ ಒಂದೊಂದು ಗಡ್ಡೆಯನ್ನೂ (ಒಂದೇ ಬುಡದಿಂದ ಎದ್ದ ಗಳೆಗಳ ಗುಂಪನ್ನೂ) ಬೇರೆಯಾಗಿ ನೋಡಬಹುದು.

ಆಯ್ಕೆಯ ವರ್ಷಗಳು

ಮೊದಲ ವರ್ಷ ಸಾವಿರಾರು ಗಡ್ಡೆ, ಪ್ರತಿಯೊಂದೂ ಒಂದೊಂದು ತಳಿ. ಇಲ್ಲಿ ತೂಕ ನೋಡಿ ಆರಿಸುವುದು ದೊಡ್ಡ ತಪ್ಪು. ಒಂದು ಗಡ್ಡೆಯ ದಪ್ಪ ಮಣ್ಣಿನ ಗುಣದಿಂದಲೋ ಪಕ್ಕದ ಸಸಿ ಸತ್ತಿದ್ದರಿಂದಲೋ ಬಂದಿರಬಹುದು. ಬ್ರಿಕ್ಸ್, ಎಂದರೆ ರಸದಲ್ಲಿ ಕರಗಿರುವ ಸಕ್ಕರೆ ಮುಂತಾದ ಘನಾಂಶದ ಶೇಕಡಾ ಪ್ರಮಾಣ, ಅಷ್ಟು ಮೋಸ ಮಾಡುವುದಿಲ್ಲ, ಹಾಗಾಗಿ ಅದೇ ಮೊದಲ ಜರಡಿ. ಆಮೇಲೆ ಕಣ್ಣಿಗೆ ಬೀಳುವ ದೋಷಗಳು: ಅಡ್ಡ ಕತ್ತರಿಸಿದರೆ ನಡುವೆ ಬೆಂಡು, ಗಣಿಕೆಯಲ್ಲಿ ಸೀಳು, ನಿಂತಲ್ಲೇ ಚಿಗುರುವ ಕಣ್ಣು, ಗಾಳಿಗೆ ಮಲಗುವ ಚಾಳಿ, ಎಲೆಯ ಕವಚದ ಮೇಲೆ ಚುಚ್ಚುವ ರೋಮ. ಕೊನೆಯದನ್ನು ವಿಜ್ಞಾನಿಗಳು ಮರೆತರೂ ಕಡಿಯುವ ಆಳುಗಳು ಮರೆಯುವುದಿಲ್ಲ, ರೋಮದ ಕಬ್ಬಿನ ಗದ್ದೆಗೆ ಗ್ಯಾಂಗ್ ಬರಲು ಒಪ್ಪುವುದೇ ಇಲ್ಲ.

ಹತ್ತರಲ್ಲಿ ಒಂಬತ್ತು ಇಲ್ಲೇ ಹೋಗುತ್ತವೆ. ಉಳಿದವನ್ನು ತುಂಡು ಮಾಡಿ ಒಂದೊಂದು ಸಾಲು, ಮರುವರ್ಷ ಎರಡು ಮೂರು ಸಾಲು, ನಂತರ ಪುನರಾವರ್ತನೆಯ ತಾಕುಗಳು. ಕೊನೆಗೆ ಅಖಿಲ ಭಾರತ ಕಬ್ಬು ಸಂಶೋಧನಾ ಯೋಜನೆಯಡಿ ವಲಯದ ಹಲವು ಕೇಂದ್ರಗಳಲ್ಲಿ ಎರಡು ನಾಟಿ ಬೆಳೆ ಮತ್ತು ಒಂದು ಕೂಳೆಯ ಪರೀಕ್ಷೆ. ಕರ್ನಾಟಕ ಪರ್ಯಾಯ ದ್ವೀಪ ವಲಯಕ್ಕೆ ಸೇರುತ್ತದೆ.

ಸಕ್ಕರೆಯ ಲೆಕ್ಕ ಹಾಕುವ ಸೂತ್ರ ಹೊರಗಿನವರಿಗೂ ಉಪಯೋಗಕ್ಕೆ ಬರುತ್ತದೆ. ರಸದ ಬ್ರಿಕ್ಸ್‌ನಿಂದ ಸುಕ್ರೋಸ್ (ರಸದ ಶುದ್ಧ ಸಕ್ಕರೆಯ ಶೇಕಡಾ ಅಂಶ) ಕಳೆಯಿರಿ, ಬಂದದ್ದನ್ನು 0.4ರಿಂದ ಗುಣಿಸಿ, ಅದನ್ನು ಸುಕ್ರೋಸ್‌ನಿಂದ ಕಳೆದು, ಉಳಿದದ್ದನ್ನು 0.73ರಿಂದ ಗುಣಿಸಿ. ಬ್ರಿಕ್ಸ್ 21, ಸುಕ್ರೋಸ್ 19 ಇದ್ದರೆ: 2 × 0.4 = 0.8, 19 − 0.8 = 18.2, 18.2 × 0.73 = 13.29. ನೂರು ಕೆಜಿ ಕಬ್ಬಿನಿಂದ ಸಿಗಬಹುದಾದ ಸಕ್ಕರೆ ಅಷ್ಟು.

ಇದರ ಜೊತೆಗೆ ರೋಗಪರೀಕ್ಷೆ. ಕೆಂಪು ಕೊಳೆಗೆ ನಿಂತ ಕಬ್ಬಿನ ಗಣಿಕೆಗೆ ತೂತು ಕೊರೆದು ಶಿಲೀಂಧ್ರ ತುಂಬಿ, ಎರಡು ತಿಂಗಳ ನಂತರ ಸೀಳಿ ನೋಡುತ್ತಾರೆ. ಕಾಡಿಗೆ ರೋಗಕ್ಕೆ ತುಂಡುಗಳನ್ನು ಆ ರೋಗದ ಶಿಲೀಂಧ್ರದ ಕಪ್ಪು ಪುಡಿ ಕಲಸಿದ ನೀರಿನಲ್ಲಿ ನೆನೆಸಿ ನೆಡುತ್ತಾರೆ. ಇದರಲ್ಲಿ ಗೆದ್ದ ತಳಿಯೂ ಮುಂದೆ ಸೋಲಬಹುದು. 2009ರಲ್ಲಿ ಬಿಡುಗಡೆಯಾದ ಕೋ 0238 ಉತ್ತರ ಪ್ರದೇಶದ ಬಹುಪಾಲು ಕಬ್ಬಿನ ನೆಲವನ್ನು ಆವರಿಸಿ, ಇಳುವರಿಯನ್ನೂ ಸಕ್ಕರೆಯನ್ನೂ ಒಟ್ಟಿಗೆ ಏರಿಸಿತ್ತು. ಮುಂದೆ ಅದನ್ನು ಮುರಿಯಬಲ್ಲ ಹೊಸ ಬಗೆಯ ಕೆಂಪು ಕೊಳೆ ಹುಟ್ಟಿಕೊಂಡಿತು. ಊರೂರಿಗೆ ಒಂದೇ ಗಿಡದ ನಕಲು ನಿಂತಿದ್ದರಿಂದ ರೋಗಕ್ಕೆ ಎಲ್ಲೂ ಅಡ್ಡಿಯಾಗಲಿಲ್ಲ. ಒಂದು ತಳಿ ಎಷ್ಟೇ ಚೆನ್ನಾಗಿರಲಿ, ಜಮೀನಿನ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಕೊಡಬೇಡಿ ಎನ್ನುವುದು ಅದಕ್ಕೇ.

ಹತ್ತು ಗಳೆಯಿಂದ ಎರಡು ಎಕರೆ

ಈಗ ರೈತರ ಪಾಲು. ಹೊಸ ತಳಿಯ ಬೀಜವನ್ನು (ಇಲ್ಲಿ ಬೀಜವೆಂದರೆ ನೆಡುವ ಕಬ್ಬು) ಟನ್‌ಗಟ್ಟಲೆ ಕೊಳ್ಳುವ ಅಗತ್ಯವಿಲ್ಲ. ಸಂಶೋಧನಾ ಕೇಂದ್ರದಿಂದಲೋ ಕಾರ್ಖಾನೆಯ ಬೀಜ ತಾಕಿನಿಂದಲೋ ನಂಬಿಕೆಯ ಹತ್ತು ಗಳೆ ಸಿಕ್ಕರೆ ಸಾಕು. ವಯಸ್ಸು ಎಂಟರಿಂದ ಹತ್ತು ತಿಂಗಳು. ಕೂಳೆಯದು ಬೇಡ, ಸೂಲಂಗಿ ಬಂದದ್ದು ಬೇಡ. ಬುಡದ ಮೂರನೇ ಒಂದು ಭಾಗದ ಕಣ್ಣುಗಳು ಬಲಿತು ಮಂದವಾಗಿರುತ್ತವೆ, ಬಿಟ್ಟುಬಿಡಿ. ಒಂದು ಗಳೆಗೆ 13 ಒಳ್ಳೆಯ ಕಣ್ಣು ಎಂದಿಟ್ಟುಕೊಂಡರೆ 130 ಕಣ್ಣು, ನೂರಕ್ಕೆ 80ರಂತೆ ಮೊಳೆತರೆ 104 ಸಸಿ. ಐದಡಿ ಸಾಲು, ಎರಡಡಿ ಅಂತರಕ್ಕೆ ಒಂದು ಗುಂಟೆಗೆ 109 ಸಸಿ ಹಿಡಿಯುತ್ತದೆ. ಅಲ್ಲಿಗೆ ಸುಮಾರು ಒಂದು ಗುಂಟೆ ಆಯಿತು.

ಎಂಟು ತಿಂಗಳಾದ ಮೇಲೆ ಗಡ್ಡೆಗೆ ಎಂಟು ಗಳೆ, ಗಳೆಗೆ 13 ಕಣ್ಣು ಎಂದರೆ 10,800ರಷ್ಟು ಕಣ್ಣು, ಅದರಿಂದ 8,600ಕ್ಕೂ ಹೆಚ್ಚು ಸಸಿ. ಎಕರೆಗೆ 4,356 ಬೇಕು. ವರ್ಷ ತುಂಬುವ ಮೊದಲೇ ಹೆಚ್ಚುಕಡಿಮೆ ಎರಡು ಎಕರೆಗೆ ನಿಮ್ಮದೇ ಬೀಜ. ಮೂರು ಕಣ್ಣಿನ ತುಂಡು ಸಾಲಿಗೆ ಇಡುವ ಹಳೆ ಪದ್ಧತಿಯಲ್ಲಿ ಇದೇ ಎರಡು ಎಕರೆಗೆ ಐದಾರು ಟನ್ ಕಬ್ಬು ಹೂಳಬೇಕಿತ್ತು.

ಬಡ್ ಚಿಪ್ ಯಂತ್ರದಿಂದ ಕಣ್ಣು ಕೀಳುವಾಗ ಬೇರಿನ ಚುಕ್ಕೆಗಳಿರುವ ಪಟ್ಟಿಯೂ ಚಿಪ್ಪಿನ ಜೊತೆ ಬರಬೇಕು, ಬರೀ ಕಣ್ಣು ಬಂದರೆ ಮೊಳಕೆಗೆ ಬೇರಿಲ್ಲ. ಲೀಟರ್‌ಗೆ 1 ಗ್ರಾಂ ಕಾರ್ಬೆಂಡಾಜಿಂ ನೀರಿನಲ್ಲಿ 10–15 ನಿಮಿಷ ಅದ್ದಿ, ನೆರಳಲ್ಲಿ ಆರಿಸಿ. 50 ಗುಳಿಯ ಪ್ರೋಟ್ರೇಗೆ ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಕಣ್ಣು ಮೇಲ್ಮುಖವಾಗಿ ಇಟ್ಟು, ಮತ್ತೆ ಮುಚ್ಚಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಸುತ್ತಿ ನಾಲ್ಕೈದು ದಿನ ಬಿಟ್ಟರೆ ಒಳಗೆ ಬಿಸಿ ಕಟ್ಟಿ ಬಿಳಿ ಬೇರು ಇಣುಕುತ್ತದೆ. ಆಗ ಬಿಚ್ಚಿ ನೆರಳುಬಲೆಯ ಕೆಳಗೆ ಹರಡಿ. ಇನ್ನೆರಡು ದಿನ ತಡವಾದರೆ ಸುಳಿ ಹಳದಿಯಾಗಿ ಬಾಗಿ, ಮೇಲಿನ ತಟ್ಟೆ ಎತ್ತುವಾಗ ಮುರಿಯುತ್ತದೆ. 25–30 ದಿನಕ್ಕೆ ನಾಟಿಗೆ ಸಿದ್ಧ. ನೆಡುವ ಹಿಂದಿನ ದಿನ ನೀರು ನಿಲ್ಲಿಸಿದರೆ ಬೇರಿನ ಉಂಡೆ ಇಡಿಯಾಗಿ ಬರುತ್ತದೆ.

ಮೂಲ ಬೀಜ ತಾಕಿಗೆ ಬಿಸಿನೀರಿನ ಉಪಚಾರ ಕೊಡಿಸಿದರೆ ಒಳ್ಳೆಯದು. ತುಂಡುಗಳನ್ನು 50 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ 2 ಗಂಟೆ ಇಡುವುದು. ಇದು ಒಲೆಯ ಮೇಲಿನ ಹಂಡೆಯಲ್ಲಿ ಆಗುವ ಕೆಲಸವಲ್ಲ: ಎರಡು ಡಿಗ್ರಿ ಹೆಚ್ಚಾದರೆ ಕಣ್ಣು ಬೇಯುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಉಷ್ಣತೆ ತಾನೇ ಕಾಯ್ದುಕೊಳ್ಳುವ ತೊಟ್ಟಿ ಇರುವ ಕೇಂದ್ರದಲ್ಲೇ ಮಾಡಿಸಬೇಕು. ಕೂಳೆ ಕುಂಠಿಸುವ ರೋಗ ಹೊರಗೆ ಏನೂ ಲಕ್ಷಣ ತೋರದೆ ವರ್ಷದಿಂದ ವರ್ಷಕ್ಕೆ ಕಬ್ಬನ್ನು ಗಿಡ್ಡ ಮಾಡುತ್ತಾ ಹೋಗುತ್ತದೆ, ಅದಕ್ಕೆ ಶಾಖವೇ ಮದ್ದು. "ಈ ತಳಿ ಹಳತಾಯಿತು, ಇಳುವರಿ ಬಿತ್ತು" ಎಂಬ ದೂರಿನಲ್ಲಿ ಹಳತಾಗಿರುವುದು ತಳಿಯಲ್ಲ. ವರ್ಷಗಟ್ಟಲೆ ಒಂದೇ ಗದ್ದೆಯ ತುಂಡು ನೆಟ್ಟು ಒಳಗೆ ಕೂಡಿಟ್ಟುಕೊಂಡ ರೋಗವದು. ಅದೇ ತಳಿಯ ಅಂಗಾಂಶ ಕೃಷಿ ಸಸಿ ತಂದು ನೆಟ್ಟರೆ ಮತ್ತೆ ಏಳುವುದನ್ನು ಎಲ್ಲಿ ಬೇಕಾದರೂ ನೋಡಬಹುದು.

ಗದ್ದೆಯಲ್ಲಿ ಶುದ್ಧವಾಗಿಡುವುದು

ಬೀಜ ತಾಕನ್ನು ದಿನಾ ಕಾಣುವ ಜಾಗದಲ್ಲಿ, ಹಿಂದಿನ ವರ್ಷ ಕಬ್ಬಿಲ್ಲದ ನೆಲದಲ್ಲಿ ಮಾಡಿ. ಹಳೆಯ ಬೇರಿನಿಂದ ಎದ್ದ ಕಬ್ಬು ಹೊಸದರೊಳಗೆ ಸೇರಿದರೆ ಮೂರು ವರ್ಷದಲ್ಲಿ ಅದು ಯಾವ ತಳಿಯೆಂದೇ ಹೇಳಲಾಗದು. ಸತ್ತ ಜಾಗ ತುಂಬಲು ಪಕ್ಕದ ಹೊಲದ ಸಸಿ ತರುವುದೂ ಅಷ್ಟೇ ಕೆಟ್ಟದ್ದು. ನೂರಕ್ಕೆ ಹತ್ತು ಸಸಿ ಟ್ರೇಯಲ್ಲೇ ಉಳಿಸಿಕೊಂಡು 15–20 ದಿನದೊಳಗೆ ತುಂಬಿ.

ಗೊಬ್ಬರಕ್ಕೆ ದಕ್ಷಿಣ ಕರ್ನಾಟಕದ ಶಿಫಾರಸು ಹೆಕ್ಟೇರಿಗೆ 250:100:125, ಎಂದರೆ ಎಕರೆಗೆ 100 ಕೆಜಿ ಸಾರಜನಕ, 40 ಕೆಜಿ ರಂಜಕ, 50 ಕೆಜಿ ಪೊಟ್ಯಾಷ್. ಸಾರಜನಕವನ್ನು ನಾಲ್ಕು ಕಂತು ಮಾಡಿ, ಮಣ್ಣು ಏರಿಸುವ ಹೊತ್ತಿಗೆ ಮುಗಿಸಿಬಿಡಿ. ಆಮೇಲೆ ಹಾಕಿದ ಯೂರಿಯಾ ಹೊಸ ತೆಂಡೆ (ಬುಡದ ಮರಿ) ಎಬ್ಬಿಸಿ ರಸವನ್ನು ತೆಳು ಮಾಡುತ್ತದೆ, ಕಬ್ಬನ್ನು ಮಲಗಿಸುತ್ತದೆ.

ನಾಟಿಯಾಗಿ ಒಂದೂವರೆ, ಮೂರು, ಐದನೇ ತಿಂಗಳಲ್ಲಿ ಸಾಲು ಸಾಲು ನಡೆದು ನೋಡಬೇಕು. ಸುಳಿಯಿಂದ ಕಪ್ಪು ಚಾಟಿ ಹೊರಟಿದ್ದರೆ ಕಾಡಿಗೆ ರೋಗ. ಅದನ್ನು ಎಳೆಯುವ ಮುಂಚೆ ಚೀಲ ತೊಡಿಸಿ. ಹಾಗೇ ಕಿತ್ತರೆ ಪುಡಿ ಇಡೀ ಗದ್ದೆಗೆ ಹಾರುತ್ತದೆ. ಬಿಳಿಚಿದ ಸಣ್ಣ ಮರಿಗಳು ಹುಲ್ಲಿನ ಕಂತೆಯಂತೆ ಎದ್ದಿದ್ದರೆ ಹುಲ್ಲುಜಡೆ ರೋಗ, ಬುಡಸಮೇತ ಅಗೆದು ಹೊರಹಾಕಿ. ಮಳೆಗಾಲದ ಕೊನೆಗೆ ಮೂರನೆಯ, ನಾಲ್ಕನೆಯ ಎಲೆ ಹಳದಿಗೆ ತಿರುಗಿ ಗಳೆ ಒಣಗತೊಡಗಿದರೆ ಉದ್ದಕ್ಕೆ ಸೀಳಿ ನೋಡಿ: ಕೆಂಪು ತಿರುಳಿನ ನಡುವೆ ಅಡ್ಡಡ್ಡ ಬಿಳಿ ಪಟ್ಟೆ, ಮೂಗಿಗೆ ಹಿಡಿದರೆ ಹುಳಿ ಹೆಂಡದ ವಾಸನೆ ಇದ್ದರೆ ಅದು ಕೆಂಪು ಕೊಳೆ. ಆ ತಾಕಿನ ಒಂದು ತುಂಡೂ ಬೀಜಕ್ಕೆ ಹೋಗಬಾರದು, ಕೂಳೆಯನ್ನೂ ಬಿಡಬಾರದು.

ನಿಮ್ಮ ನೆಲದಲ್ಲಿ ಗೆಲ್ಲುತ್ತದೆಯೇ?

ಹೊಸ ತಳಿಯನ್ನು ಒಂದು ಕಡೆ, ಹಳೆಯದನ್ನು ಇನ್ನೊಂದು ಕಡೆ ಹಾಕಿ ಹೋಲಿಸಿದರೆ ಹೋಲಿಕೆಯಾಗುವುದು ಎರಡು ನೆಲ, ಎರಡು ತಳಿಯಲ್ಲ. ಪಕ್ಕಪಕ್ಕ, ಒಂದೇ ದಿನ, ಒಂದೇ ಬಗೆಯ ಸಸಿ, ಒಂದೇ ಗೊಬ್ಬರ. ಐದಡಿ ಅಂತರದ ಆರು ಸಾಲು, 37 ಅಡಿ ಉದ್ದದ ತಾಕು ಮಾಡಿ, ಗದ್ದೆಯ ಮೂರು ಕಡೆ ಹೊಸದು–ಹಳೆಯದು ಜೋಡಿಯಾಗಿ ಬರುವಂತೆ ಹಾಕಿ. ಕಡಿಯುವಾಗ ಅಂಚಿನ ಒಂದೊಂದು ಸಾಲು ಬಿಟ್ಟು, ಎರಡೂ ತುದಿಯ ಎರಡೆರಡು ಅಡಿ ಬಿಟ್ಟು, ನಡುವಿನ ನಾಲ್ಕು ಸಾಲು ಮಾತ್ರ ತೂಗಿ. 20 × 33 ಅಡಿ, ಎಂದರೆ 660 ಚದರಡಿ. ಬಂದ ಕೆಜಿಯನ್ನು 66ರಿಂದ ಗುಣಿಸಿದರೆ ಎಕರೆಯ ಲೆಕ್ಕ: 750 ಕೆಜಿ ಬಂದಿದ್ದರೆ 49.5 ಟನ್. ಬದುವಿನ ಸಾಲಿಗೆ ಬಿಸಿಲು, ನೀರು ಎರಡೂ ಹೆಚ್ಚು. "ಎಕರೆಗೆ 120 ಟನ್" ಎಂಬ ಫೋಟೊಗಳ ಹಿಂದೆ ಹೆಚ್ಚಾಗಿ ಇರುವುದು ಬದುವಿನ ಗಡ್ಡೆಯೊಂದರ ಗುಣಾಕಾರ.

ಹತ್ತನೇ ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಕೈ ಬ್ರಿಕ್ಸ್ ಮೀಟರ್ ಹಿಡಿಯಿರಿ. ಮೊದಲು ಶುದ್ಧ ನೀರು ಹಾಕಿ ಸೊನ್ನೆಗೆ ತನ್ನಿ. ಐದು ಬೇರೆ ಬೇರೆ ಗಡ್ಡೆಯಿಂದ ಒಂದೊಂದು ಗಳೆ, ಪ್ರತಿಯೊಂದರ ಬುಡ ಮತ್ತು ತುದಿಯ ಗಣಿಕೆಯ ರಸ. ತುದಿಯ ಅಂಕಿಯನ್ನು ಬುಡದ್ದರಿಂದ ಭಾಗಿಸಿದಾಗ 0.95 ದಾಟಿದರೆ ಹಣ್ಣಾಗಿದೆ. 0.8 ಇದ್ದರೆ ಕಾಯಬೇಕು. ನೀರು ಹಾಯಿಸಿದ ಮರುದಿನ ನೋಡಿದ ಅಂಕಿ ನಂಬಬೇಡಿ. ಮೀಟರ್ 20 ಡಿಗ್ರಿಗೆ ಮಾಡಿದ್ದು. 20 ಡಿಗ್ರಿಯಲ್ಲಿ ಸೊನ್ನೆಗೆ ತಂದದ್ದನ್ನು 30 ಡಿಗ್ರಿ ಬಿಸಿಲಲ್ಲಿ ಹಿಡಿದರೆ ಸುಮಾರು 0.8 ಸೇರಿಸಿ.

ಇಲ್ಲೊಂದು ಹಣದ ಮಾತು. ಕೇಂದ್ರ ಸರ್ಕಾರದ ಎಫ್‌ಆರ್‌ಪಿ ದರ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ನಿಂತಿರುವುದು ಇಡೀ ಕಾರ್ಖಾನೆಯ ಸರಾಸರಿ ಸಕ್ಕರೆ ಇಳುವರಿಯ ಮೇಲೆ, ನಿಮ್ಮ ಗಾಡಿಯ ರಸದ ಮೇಲಲ್ಲ. ಹಾಗಾಗಿ ಕಾರ್ಖಾನೆಗೆ ಸಿಹಿ ಕಬ್ಬು ಬೇಕು, ರೈತನ ಜೇಬಿಗೆ ತೂಕದ ಕಬ್ಬು ಹಿತ. ಕಾರ್ಖಾನೆಯ ಸಿಬ್ಬಂದಿ ಒಂದು ತಳಿಯನ್ನು ಹೊಗಳಿದಾಗ ಯಾವ ಕಾರಣಕ್ಕೆಂದು ಕೇಳಿ. ಆಲೆಮನೆ ಇಟ್ಟವರ ಲೆಕ್ಕವೇ ಬೇರೆ, ಅವರಿಗೆ ಬೆಲ್ಲದ ಬಣ್ಣ, ಗಟ್ಟಿತನ ಮುಖ್ಯ. ಬೆಳಗಾವಿ–ಕೊಲ್ಹಾಪುರ ಭಾಗದಲ್ಲಿ ಕೋ 92005 ಅದಕ್ಕೇ ಉಳಿದಿದೆ.

ಮೊದಲ ಕಟಾವಿಗೆ ತೀರ್ಪು ಕೊಡಬೇಡಿ. ನಾಟಿ ಬೆಳೆಯಲ್ಲಿ ಗೆದ್ದು ಕೂಳೆಯಲ್ಲಿ ಕೈಕೊಡುವ ತಳಿಗಳೇ ಹೆಚ್ಚು, ಮತ್ತು ಖರ್ಚು ಕಡಿಮೆಯಿದ್ದು ಲಾಭ ಕೊಡುವುದು ಕೂಳೆಯೇ. ನೆಲಮಟ್ಟಕ್ಕೆ ಕಡಿದು, ಎದ್ದು ನಿಂತ ಕೂಳೆ ಮೋಟನ್ನು ವಾರದೊಳಗೆ ಹರಿತ ಗುದ್ದಲಿಯಿಂದ ಸವರಿ. ಮೇಲೆ ಉಳಿದ ಕಣ್ಣಿನಿಂದ ಎದ್ದ ಮರಿಗೆ ತನ್ನ ಬೇರಿಲ್ಲ, ಮಳೆಗಾಳಿಗೆ ಮೊದಲು ಬೀಳುವುದು ಅದೇ. ರವದಿಯನ್ನು (ಕಬ್ಬಿನ ಒಣ ಎಲೆಯನ್ನು) ಸುಡದೆ ಸಾಲು ಬಿಟ್ಟು ಸಾಲಿಗೆ ಹರಡಿ. ಮೂವತ್ತನೇ ದಿನ ಅದೇ 33 ಅಡಿಯ ನಾಲ್ಕು ಸಾಲುಗಳಲ್ಲಿ ಚಿಗುರದ ಗಡ್ಡೆಗಳನ್ನು ಎಣಿಸಿ, ಹಳೆಯ ತಳಿಯ ಪಕ್ಕದಲ್ಲಿ ಬರೆದಿಡಿ. ನೂರಕ್ಕೆ ಹತ್ತರೊಳಗೆ ಇದ್ದರೆ ಎರಡನೆಯ ಕೂಳೆಗೂ ಬಿಡಬಹುದು. ಇಪ್ಪತ್ತು ದಾಟಿದ್ದರೆ, ಮೊದಲ ವರ್ಷದ ತೂಕ ಎಷ್ಟೇ ಬಂದಿರಲಿ, ಆ ತಳಿ ನಿಮ್ಮ ನೆಲಕ್ಕೆ ಒಗ್ಗಿಲ್ಲ.